ಪ್ರಾರ್ಥನೆಯ ಸಾಲಿನಲ್ಲಿ ನಿಂತುಹೋದ ಆಟ

ಶಿಸ್ತಿನಿಂದ ಹಾಳಾದವರು ಯಾರೂ ಇಲ್ಲ. ಈ ಮಾತನ್ನು ನಾನು ಮುಳಬಾಗಿಲು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ, ಮೊದಲು ಗಣಿತದ ಮೇಷ್ಟ್ರಾಗಿ, ಆಮೇಲೆ ಹೆಡ್‌ಮಾಸ್ಟರಾಗಿ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ತಪ್ಪದೆ ಹೇಳಿಕೊಂಡು ಬಂದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಬಿಸಿಲಿಗೆ ಇಬ್ಬರೋ ಮೂವರೋ ತಲೆ ತಿರುಗಿ ಬಿದ್ದಿರುತ್ತಿದ್ದರು. ಅವರನ್ನು ನೆರಳಿಗೆ ಸಾಗಿಸಿ ಮಾತು ಮುಂದುವರಿಸುತ್ತಿದ್ದೆ.

ನಿವೃತ್ತನಾಗಿ ಶ್ರೀನಿವಾಸಪುರದ ಮನೆಯಲ್ಲಿ ಕೂತ ಎರಡನೇ ವರ್ಷ ಆ ಮಾತಿಗೆ ಒಂದು ಅಪವಾದ ಸಿಕ್ಕಿತು. ಸಿಕ್ಕಿದ್ದು ನನ್ನ ಮನೆಯಲ್ಲೇ, ನನ್ನ ಕೈಯಿಂದಲೇ.

ನನ್ನ ಮಗಳು ಕೋಲಾರದಲ್ಲಿ ಕಂಪ್ಯೂಟರ್ ಓದಿ ಬಂದವಳು. ಒಂದೂವರೆ ವರ್ಷದಿಂದ ನಡುಮನೆಯಲ್ಲಿ ಕೂತು ಒಂದು ವಿಡಿಯೋ ಗೇಮ್ ಮಾಡುತ್ತಿದ್ದಳು. ಚಿತ್ರ ಬರೆಯುತ್ತಿದ್ದವಳು ಅವಳ ಗೆಳತಿ. ಮಾವಿನ ಮಂಡಿಯ ಹತ್ತಿರ ಮರಗೆಲಸದ ಅಂಗಡಿ ಇಟ್ಟಿರುವ ಸಾಬರ ಮಗಳು. ಕೋಲಾರದ ಒಂದು ಇಂಜಿನಿಯರಿಂಗ್ ಕಾಲೇಜಿನವರು ಇಂಥ ಆಟಗಳಲ್ಲಿ ಕೆಲವನ್ನು ಆರಿಸಿ, ಮಾಡಿದವರಿಗೆ ಒಂದು ವರ್ಷ ಸಂಬಳದಂಥದ್ದೇನೋ ಕೊಟ್ಟು, ಕೂತು ಮುಗಿಸುವುದಕ್ಕೆ ಒಂದು ಕೋಣೆಯನ್ನೂ ಕೊಡುತ್ತಾರಂತೆ. ಆ ಶನಿವಾರ ಆಯ್ಕೆ ಸಮಿತಿಯ ಮುಂದೆ ಇವರ ಸರದಿ. ಇನ್ನೊಂದು ಕಡೆ, ಮಾಲೂರಿನ ಲಕ್ಕೂರು ಕಡೆಯ ಕಾರ್ಖಾನೆಯೊಂದರ ಆಫೀಸಿನಿಂದ ಮಗಳಿಗೆ ಕೆಲಸದ ಪತ್ರ ಬಂದಿತ್ತು. ಒಂದನೇ ತಾರೀಖು ಹಾಜರಾಗಬೇಕು.

"ಸಿಕ್ಕಿದ್ರೆ ಆಟ, ಸಿಕ್ಕದಿದ್ರೆ ಮಾಲೂರು. ಆಮೇಲೆ ನಾನು ಇದನ್ನ ಮುಟ್ಟಲ್ಲ" ಎಂದು ಅವಳು ಊಟಕ್ಕೆ ಕೂತಾಗ ಘೋಷಿಸಿದ್ದಳು. ಅವಳು ಹೇಳಿದಂತೆ ನಡೆಯುವ ಜಾತಿ. ಅದು ನನ್ನ ಶಿಕ್ಷಣದ ಫಲ.

ಆಟದ ವಿಷಯ ಹೇಳಬೇಕು. ಒಂದು ಶಾಲೆ. ಅದಕ್ಕೆ ಎಂಟನೇ ತರಗತಿಗೆ ಹೊಸದಾಗಿ ಸೇರಿದ ಎರಡು ಜಡೆಯ ಹುಡುಗಿ. ಆಡುವವರೇ ಆ ಹುಡುಗಿ. ಅವಳ ಆಯುಧಗಳು ಡಸ್ಟರು, ಕಂಪಾಸು ಡಬ್ಬಿ ಮತ್ತು ಬಿಸಿಯೂಟದ ಸೌಟು. ಶತ್ರುಗಳು ಯಾರೆಂದರೆ, ಕಾಲು ಬಂದ ಹೋಂವರ್ಕ್ ಪುಸ್ತಕಗಳು, ನೀರಿನ ಟ್ಯಾಂಕಿನಲ್ಲಿ ವಾಸವಾಗಿರುವ ಹಳೇ ವಿದ್ಯಾರ್ಥಿಯ ದೆವ್ವ, ಸೀಟಿ ಊದಿದರೆ ಎದುರಿಗಿದ್ದವರು ಕಲ್ಲಾಗುವಂಥ ಪಿ.ಟಿ. ಮೇಷ್ಟ್ರು. ಏಟು ತಿಂದು ಸುಸ್ತಾದರೆ ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿನ್ನಬೇಕು, ಜೀವ ಬರುತ್ತದೆ. ಹೊಡೆದಾಡಿದಷ್ಟೂ ಶಕ್ತಿ ಏರಿ ಒಂಬತ್ತಕ್ಕೆ, ಹತ್ತಕ್ಕೆ ತೇರ್ಗಡೆ. ಎಲ್ಲಕ್ಕೂ ಕೊನೆಯಲ್ಲಿ ಮೂರು ತಲೆಯ ಹೆಡ್‌ಮಾಸ್ಟರು. ಮೂರು ತಲೆಗೂ ನನ್ನ ಮೀಸೆ ಇತ್ತು.

"ಇದು ಯಾರಮ್ಮಾ?" ಎಂದೆ.

"ಯಾರೂ ಅಲ್ಲಪ್ಪಾ. ಸುಮ್ನೆ."

"ಸುಮ್ಮನೆ ಮೂರು ತಲೆ ಬರುತ್ತಾ?"

ಗೆಳತಿ ನಡುವೆ ಬಂದು ಸಮಾಧಾನ ಮಾಡಿದಳು. "ಸಾರ್, ಮಧ್ಯದ ತಲೆ ಒಳ್ಳೇದು ಸಾರ್. ಎರಡೇಟು ಹಾಕಿದ್ರೆ ಸಾರಿ ಕೇಳುತ್ತೆ."

ಬುಧವಾರ ಬೆಳಿಗ್ಗೆ ಇಬ್ಬರೂ ಕಾಗದಪತ್ರ ಕೊಟ್ಟುಬರಲು ಕೋಲಾರದ ಬಸ್ಸು ಹತ್ತುವ ಮುಂಚೆ, ಮಗಳು ಒಂದು ಹಳೇ ಲ್ಯಾಪ್‌ಟಾಪನ್ನೂ ಒಂದು ನೋಟ್‌ಬುಕ್ಕನ್ನೂ ನನ್ನ ಮುಂದಿಟ್ಟಳು. "ಅಪ್ಪಾ, ನಮ್ ಫ್ರೆಂಡ್ಸೆಲ್ಲ ಆಡಿಬಿಟ್ಟಿದಾರೆ. ಗೇಮ್ ಅಂದ್ರೇನು ಅಂತ ಗೊತ್ತಿಲ್ಲದೋರು ಒಬ್ರು ಆಡ್ಬೇಕು. ನಿಮಗೆ ಏನ್ ತೋಚುತ್ತೋ ಮಾಡಿ. ಎಲ್ಲಾದ್ರೂ ಕೆಟ್ರೆ ಇದ್ರಲ್ಲಿ ಬರೆದಿಡಿ. ಸಂಜೆ ಬಂದು ನೋಡ್ತೀನಿ."

ನಾನು ಕನ್ನಡಕ ಒರೆಸಿಕೊಂಡು ಕೂತೆ. ಪರದೆಯ ಮೇಲೆ ಶಾಲೆಯ ಗಂಟೆ ಹೊಡೆಯಿತು. ಮಕ್ಕಳೆಲ್ಲ ಮೈದಾನದಲ್ಲಿ ಸಾಲುಗಟ್ಟತೊಡಗಿದರು. ಆಟದ ಉದ್ದೇಶವೇನೆಂದರೆ, ಇದು ನನಗೆ ಆಮೇಲೆ ತಿಳಿದದ್ದು, ಈ ಹೊತ್ತಿನಲ್ಲಿ ಹುಡುಗಿ ಸಾಲು ಬಿಟ್ಟು ಓಡಬೇಕು, ಪಿ.ಟಿ. ಮೇಷ್ಟ್ರು ಅಟ್ಟಿಸಿಕೊಂಡು ಬರಬೇಕು, ಅಲ್ಲಿಂದ ಯುದ್ಧ. ಅದುವರೆಗೆ ಆಡಿದವರೆಲ್ಲ ಓಡಿದ್ದರು. ಓಡು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಹುಡುಗಿಯನ್ನು ನಡೆಸಿಕೊಂಡು ಹೋಗಿ, ಎತ್ತರದ ಪ್ರಕಾರ ಅವಳ ಜಾಗ ಯಾವುದೋ ಅಲ್ಲಿ ನಿಲ್ಲಿಸಿ, ಕೈ ತೆಗೆದೆ. ನಿಜ ಹೇಳುವುದಾದರೆ ನಾನೂ ಕುರ್ಚಿಯಿಂದ ಎದ್ದೆ.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಏನ್ರೀ, ಯಾಕ್ ಎದ್ದು ನಿಂತಿದೀರಾ?"

"ಪ್ರಾರ್ಥನೆ ನಡೀತಿದೆ."

ಅವಳು ಒಳಗೆ ಹೋದಳು. ಮೂವತ್ತು ವರ್ಷದ ದಾಂಪತ್ಯದಲ್ಲಿ ಇದಕ್ಕಿಂತ ದೊಡ್ಡದನ್ನು ನೋಡಿದ್ದಳು.

ಪ್ರಾರ್ಥನೆಯಾದ ಮೇಲೆ ಹುಡುಗಿಯನ್ನು ತರಗತಿಗೆ ಕರೆದೊಯ್ದು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಹೋಂವರ್ಕ್ ಪುಸ್ತಕವೊಂದು ಹಲ್ಲು ಕಿರಿದುಕೊಂಡು ಬಂತು. ಹೊಡೆಯಲಿಲ್ಲ, ದಾರಿ ಬಿಟ್ಟೆ. ಅದು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಮರ್ಯಾದೆ ಹೋದವರ ಹಾಗೆ ಹೊರಟುಹೋಯಿತು. ಊಟದ ಗಂಟೆಗೆ ಊಟ, ಶಾಲೆ ಬಿಡುವ ಗಂಟೆಗೆ ಮನೆ. ಆಟದ ಲೆಕ್ಕದಲ್ಲಿ ಹೀಗೆ ಮೂರು ದಿನ ಕಳೆದವು. ಇಂಥ ವಿದ್ಯಾರ್ಥಿನಿ ನನ್ನ ಸೇವಾವಧಿಯಲ್ಲಿ ಒಬ್ಬಳೂ ಸಿಕ್ಕಿರಲಿಲ್ಲ.

ನಾಲ್ಕನೇ ದಿನ ಗಂಟೆ ಹೊಡೆಯಿತು. ಮೈದಾನಕ್ಕೆ ಯಾರೂ ಬರಲಿಲ್ಲ. ಪಿ.ಟಿ. ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟುಕೊಂಡವರು ಹಾಗೇ ನಿಂತಿದ್ದರು. ತರಗತಿಗಳ ಬಾಗಿಲು ತೆರೆಯಲಿಲ್ಲ, ಗೇಟೂ ತೆರೆಯಲಿಲ್ಲ. ಹುಡುಗಿ ನಿಂತಲ್ಲೇ ನಿಧಾನವಾಗಿ ಬುಗುರಿಯಂತೆ ಸುತ್ತುತ್ತಿದ್ದಳು. ಇದ್ದಬದ್ದ ಕೀಲಿಗಳನ್ನೆಲ್ಲ ಒತ್ತಿದೆ. ಮುಚ್ಚಿ ತೆರೆದೆ. ಆರಿಸಿ ಹಚ್ಚಿದೆ. ಮತ್ತೆ ಅದೇ ಬರಿದಾದ ಮೈದಾನ, ಅದೇ ಬುಗುರಿ.

ಒಂದೂವರೆ ವರ್ಷದ ಕೆಲಸವನ್ನು ಒಂದು ಬೆಳಿಗ್ಗೆಯಲ್ಲಿ ಕೆಡಿಸಿಬಿಟ್ಟೆ ಅಂದುಕೊಂಡೆ. ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು ಇದನ್ನೇ. ನಾನು ಬರೆದದ್ದು: 'ಆಟ ಚೆನ್ನಾಗಿದೆ. ಶಿಸ್ತು ಸಾಲದು.' ಕೆಳಗೆ ಸಹಿ, ತಾರೀಖು.

ಸಂಜೆ ಮಗಳು ಓದಿ ನಕ್ಕಳು. ಗುರುವಾರ ತಿಂಡಿಯ ಹೊತ್ತಿಗೆ ಕೇಳಿದಳು, "ಅಪ್ಪಾ, ಆ ಲ್ಯಾಪ್‌ಟಾಪ್ ಕೊಡಿ, ಎಲ್ಲೀವರ್ಗೂ ಹೋಗಿದೀರ ನೋಡೋಣ."

"ಇರಲಿ. ಇನ್ನೂ ಆಡ್ತಿದೀನಿ."

ಅವಳ ಮುಖ ಅರಳಿತು. ಅಂಗಳಕ್ಕೆ ಹೋಗಿ ಗೆಳತಿಗೆ ಫೋನು ಮಾಡಿ ಹೇಳುವುದು ನನಗೆ ಕೇಳಿಸಿತು: "ಲೇ, ನಮ್ಮಪ್ಪ ಬಿಡ್ತಾನೇ ಇಲ್ಲ ಕಣೇ! ನಮ್ಮಪ್ಪನಿಗೇ ಹುಚ್ಚು ಹಿಡಿದಿದೆ ಅಂದ್ರೆ ಶನಿವಾರ ನಮ್ದೇ ನೋಡು!"

ತಟ್ಟೆಯಲ್ಲಿದ್ದ ಇಡ್ಲಿ ಬಿಟ್ಟು ಎದ್ದೆ. ಹನ್ನೊಂದು ಗಂಟೆಗೆ ಲ್ಯಾಪ್‌ಟಾಪನ್ನು ಕೈಚೀಲದಲ್ಲಿಟ್ಟು, ಮೇಲೆ ಎರಡು ಕಟ್ಟು ದಂಟಿನಸೊಪ್ಪು ಮುಚ್ಚಿ, ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಅರ್ಧ ತೆಲುಗು, ಅರ್ಧ ಕನ್ನಡದವನು; ಸೊಪ್ಪು ಪಕ್ಕಕ್ಕಿಟ್ಟು ಪರದೆ ನೋಡಿದ.

"ಏಂ ಸಾರೂ, ಈ ವಯಸ್ಸಲ್ಲಿ ಗೇಮಾ?"

"ಪರೀಕ್ಷಾರ್ಥ" ಎಂದೆ.

ಅವನು ಕಾಲು ಗಂಟೆ ತಡಕಾಡಿದ. "ಮೆಷೀನು ಬಂಗಾರದಂಗಿದೆ ಸಾರ್. ತಪ್ಪಿರೋದು ಆಟದಲ್ಲೇ. ಯಾರ್ ಮಾಡಿದಾರೋ ಅವರ್ನ ಹಿಡೀರಿ, ಅವರಿಗೇ ಗೊತ್ತಾಗೋದು. ಯಾರು ಮಾಡಿದೋರು?"

"ಗೊತ್ತಿಲ್ಲ" ಎಂದೆ. ಎರಡು ದಿನದಲ್ಲಿ ಮೂರನೇ ಸುಳ್ಳು.

ಕೆಡಿಸಿದ್ದು ನಾನಲ್ಲ, ತಪ್ಪು ಆಟದಲ್ಲೇ ಇತ್ತು ಎಂದು ತಿಳಿದಾಗ ಒಂದು ಕ್ಷಣ ಹಗುರವಾಯಿತು. ಸಂತೆ ಬೀದಿ ದಾಟುವಷ್ಟರಲ್ಲಿ ಅದು ಇನ್ನೂ ಭಾರವಾಯಿತು. ಸಮಿತಿಯಲ್ಲಿ ಇಬ್ಬರು ಪ್ರೊಫೆಸರುಗಳಲ್ಲದೆ ನಮ್ಮ ಶಿಕ್ಷಣ ಇಲಾಖೆಯಿಂದ ನಿವೃತ್ತರಾದ ಅಧಿಕಾರಿಯೊಬ್ಬರು ಇದ್ದಾರೆಂದು ಮಗಳು ಹೇಳಿದ್ದಳು. ಇಲಾಖೆಯಿಂದ ನಿವೃತ್ತನಾದವನು ಗಂಟೆ ಹೊಡೆದರೆ ಏನು ಮಾಡುತ್ತಾನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಶನಿವಾರ ಅವರು ಪ್ರಾರ್ಥನೆಗೆ ನಿಲ್ಲುತ್ತಾರೆ. ಆಟ ಬುಗುರಿಯಾಗುತ್ತದೆ.

ಅಷ್ಟಾದರೂ ಆ ದಿನವೆಲ್ಲ ಬಾಯಿ ಬಿಡಲಿಲ್ಲ. ಹೋಂವರ್ಕ್ ಮಾಡದೆ ಬಂದ ಹುಡುಗರು ನನ್ನ ಕೋಣೆಯ ಹೊರಗೆ ಯಾಕೆ ಅಷ್ಟು ಹೊತ್ತು ನಿಲ್ಲುತ್ತಿದ್ದರೆಂದು ಅರವತ್ತೆರಡನೇ ವಯಸ್ಸಿನಲ್ಲಿ ಅರ್ಥವಾಯಿತು. ಶುಕ್ರವಾರ ಬೆಳಿಗ್ಗೆ ಮೊದಲು ಹೆಂಡತಿಗೆ ಹೇಳಿದೆ. ಅವಳಿಗೆ ಕೋಪ ಬಂದರೆ ತವರಿನ ತೆಲುಗು ಬರುತ್ತದೆ. "ಬಿಡ್ಡಕು ಚೆಪ್ಪಂಡಿ! ಮಗೂಗೆ ಹೇಳ್ರೀ!" ಎಂದು ನನ್ನನ್ನು ಮಗಳೂ ಗೆಳತಿಯೂ ಕೂತಿದ್ದ ನಡುಮನೆಗೆ ಅಟ್ಟಿದಳು.

ಹೇಳಿದೆ. ನಿಂತುಕೊಂಡೇ ಹೇಳಿದೆ.

ಮಗಳೂ ಗೆಳತಿಯೂ ಮುಖ ಮುಖ ನೋಡಿಕೊಂಡರು. "ಮೂರು ದಿನಾನೂ ಪ್ರೇಯರ್‌ಗೆ ನಿಂತ್ರಾ?" ಎಂದಳು ಮಗಳು.

"ಇನ್ನೇನು ಮಾಡಬೇಕಿತ್ತು?"

ಗೆಳತಿ ಚಾಪೆಯ ಮೇಲೆ ಬಿದ್ದು ನಕ್ಕಳು. "ಅಲ್ಲಾ! ಸಾರ್, ಒಂದು ಜಗಳಾನೂ ಆಡ್ಲಿಲ್ವಾ ಸಾರ್?" ಒಳ್ಳೆಯ ಹುಡುಗಿಗೆ ಮುಂದೇನೆಂದು ಅವರು ಯೋಚಿಸಿಯೇ ಇರಲಿಲ್ಲ. ಜಗಳವಾದರೆ ತಾನೇ ನಾಲ್ಕನೇ ದಿನದ ಬಾಗಿಲು ತೆರೆಯುವುದು? ನಗು ನಿಂತ ಮೇಲೆ ಮಗಳು ಗೋಡೆಯ ಗಡಿಯಾರ ನೋಡಿದಳು. "ಬುಧವಾರಾನೇ ಹೇಳಿದ್ರೆ ಎರಡು ದಿನ ಆಡಿ ಆಡಿ ನೋಡ್ಬೋದಿತ್ತಪ್ಪಾ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ದಾರಿ ಅವಳೇ ಕಂಡುಹಿಡಿದಳು. ಮೂರು ದಿನ ಒಂದು ತಂಟೆಯೂ ಮಾಡದ ಹುಡುಗಿಗೆ ಶಾಲೆಯವರು ಟಿ.ಸಿ. ಕೊಟ್ಟು ಕಳಿಸಿಬಿಡುತ್ತಾರೆ: 'ಗುಣನಡತೆ: ಅತ್ಯುತ್ತಮ. ಈ ಶಾಲೆಗೆ ಯೋಗ್ಯಳಲ್ಲ.' ಆಟ ಮುಗಿಯಿತು. ಗೆಳತಿ ಟಿ.ಸಿ.ಯ ಚಿತ್ರ ಬರೆದು, ಕೆಳಗೆ ಹಾಕಲು ನನ್ನ ಸಹಿಯನ್ನೇ ತೆಗೆದುಕೊಂಡಳು. ಮಧ್ಯಾಹ್ನ ಕರೆಂಟು ಹೋಯಿತು. ಬಂದಾಗ ಸಂಜೆ ಐದೂವರೆ. ಆರೂವರೆಯೊಳಗೆ ಆಟವನ್ನು ಕಾಲೇಜಿನವರಿಗೆ ಕಳಿಸಿಬಿಡಬೇಕು, ಆಮೇಲೆ ಮುಟ್ಟುವಂತಿಲ್ಲ. ಕೆಲಸ ಮುಗಿದಾಗ ಉಳಿದದ್ದು ಹತ್ತು ನಿಮಿಷ.

"ಅಪ್ಪಾ, ನೀವೇ ಆಡಿ" ಎಂದಳು.

ನಾನು ಆಡಿದೆ. ಪ್ರಾರ್ಥನೆಗೆ ನಿಂತೆ, ಪಾಠ ಕೇಳಿದೆ, ಮೂರು ದಿನ ಕಳೆದೆ. ಟಿ.ಸಿ. ಬಂತು. ನಾಲ್ವರೂ ಚಪ್ಪಾಳೆ ತಟ್ಟಿದೆವು. ಕಳಿಸಿದರು.

ಶನಿವಾರ ನಾನೂ ಜೊತೆಗೆ ಹೋದೆ. ಒಂದೊಂದು ಆಟಕ್ಕೆ ಹದಿನೈದು ನಿಮಿಷ. ಹಾಲಿನ ಬಾಗಿಲ ಹತ್ತಿರ ನಿಂತವನಿಗೆ ಪರದೆ ಚೆನ್ನಾಗಿ ಕಾಣುತ್ತಿತ್ತು. ಮೊದಲು ಆಡಿದವರು ಒಬ್ಬ ಮಹಿಳಾ ಪ್ರೊಫೆಸರು. ಗಂಟೆ ಹೊಡೆಯಿತು, ಆಕೆ ಸಾಲು ಬಿಟ್ಟು ಓಡಿದರು, ಪಿ.ಟಿ. ಮೇಷ್ಟ್ರಿಗೆ ಡಸ್ಟರಿನಿಂದ ಒಂದು ಬಿಟ್ಟರು. ಪರದೆಯ ಮೇಲೆ ನನ್ನ ಸಹಿಯೊಡನೆ ಟಿ.ಸಿ. ಇಳಿಯಿತು. ಗುಣನಡತೆ: ಅತ್ಯುತ್ತಮ.

ಮೂವರೂ ಗಟ್ಟಿಯಾಗಿ ನಕ್ಕರು. ನನ್ನ ಮಗಳು ನಗಲಿಲ್ಲ. ಅವಸರದಲ್ಲಿ ಒಳ್ಳೆಯ ಹುಡುಗಿಗೆಂದು ಮಾಡಿದ ಟಿ.ಸಿ.ಯ ಬಾಗಿಲನ್ನು ಅವಳು ಎಲ್ಲರಿಗೂ ತೆರೆದುಬಿಟ್ಟಿದ್ದಳು. ಓಡಿ ನೋಡಬೇಕೆಂದು ಆ ಹತ್ತು ನಿಮಿಷದಲ್ಲಿ ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಆಡಿದವನು ನಾನು. ಎರಡನೆಯವರು ಹೊಸದಾಗಿ ಶುರು ಮಾಡಿದರು, ಓಡಿದರು, ಹೊಡೆದರು, ಟಿ.ಸಿ. ಪಡೆದರು. ಈ ಸಲ ಅರ್ಧ ನಕ್ಕರು. ಮೂರನೆಯವರು ನಮ್ಮ ಇಲಾಖೆಯವರು. ನಾನು ಕಂಬಕ್ಕೆ ಕೈ ಕೊಟ್ಟು, ನಿಲ್ಲಿ ಸಾರ್, ದಯವಿಟ್ಟು ನಿಲ್ಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಗಂಟೆ ಹೊಡೆಯಿತು. ಎಲ್ಲರಿಗಿಂತ ಮುಂಚೆ ಓಡಿದವರು ಅವರು.

"ಆಟ ಇಷ್ಟೇನಮ್ಮಾ?" ಎಂದರು, ಟಿ.ಸಿ. ನೋಡುತ್ತಾ.

"ಇಲ್ಲ ಸಾರ್, ಇನ್ನೂ ತುಂಬಾ ಇದೆ. ನೀರಿನ ಟ್ಯಾಂಕಲ್ಲಿ ಒಂದು ದೆವ್ವ ಇದೆ ಸಾರ್" ಎಂದು ಮಗಳು ಬಾಯಲ್ಲಿ ಹೇಳತೊಡಗಿದಳು. ಗೆಳತಿ ಚೀಲದಿಂದ ಚಿತ್ರಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಉಳಿದ ಏಳು ನಿಮಿಷ ಹಾಗೆ ಹೋಯಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ನೋಡುತ್ತಾ ಕೇಳಿದಳು. "ಮೂರೂ ಜನ ನಕ್ರು, ಅಲ್ವಾಪ್ಪಾ?"

"ಚೆನ್ನಾಗಿ ನಕ್ಕರು" ಎಂದೆ.

ಮುಂದಿನ ಗುರುವಾರ ಪಟ್ಟಿ ಬಂತು. ಆಯ್ಕೆಯಾದ ಆಟಗಳು ಆರು. ಇವರದು ಏಳನೆಯದು. ಒಂದನೇ ತಾರೀಖು ಮಗಳು ಮಾಲೂರಿಗೆ ಹೋಗಿ ಕೆಲಸಕ್ಕೆ ಸೇರಿದಳು.