ಹೆಣ್ಣು ಮರಿ ಆರಿಸುತ್ತಿದ್ದ ಕಾಕು

ಹೋದ ವಾರ ಅಥಣಿಯಲ್ಲಿ ಹಿಂಡಿ ಅಂಗಡಿಯ ಮುಂದೆ ನಿಂತಿದ್ದೆ. ಮಳೆಗೆ ತೊಯ್ದ ತೌಡಿನ ಚೀಲವೊಂದು ಒಡೆದು ಹುಳಿ ವಾಸನೆ ಅಂಗಡಿ ತುಂಬ ಹರಡಿತ್ತು. ಅಂಗಡಿಯವ ಮೂಗು ಮುಚ್ಚಿಕೊಂಡು ಹಮಾಲನನ್ನು ಬಯ್ಯುತ್ತಿದ್ದ. ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಶೇಡಬಾಳದ ನಮ್ಮ ಹಿತ್ತಲ ಗೋಡೆಯ ಆಚೆಯಿಂದ ದಿನಾ ಬೆಳಿಗ್ಗೆ ಬರುತ್ತಿದ್ದುದು ಇದೇ ವಾಸನೆ. ಬಾತುಮರಿಗಳಿಗೆಂದು ಪಕ್ಕದ ಮನೆಯ ಕಾಕು ತೌಡು ನೆನೆಸಿ ಕಲಸುತ್ತಿದ್ದಳು...

ನಾನು ಚಿಕ್ಕೋಡಿಯಿಂದ ಆ ಊರಿಗೆ ಸೊಸೆಯಾಗಿ ಹೋದ ಹೊಸತು. ನಮ್ಮದು ಜೈನರ ಮನೆ, ಮೊಟ್ಟೆ ಎಂಬ ಶಬ್ದವನ್ನೂ ಅಡಿಗೆಮನೆಯಲ್ಲಿ ಆಡುವಂತಿರಲಿಲ್ಲ. ಪಕ್ಕದ್ದು ಕಬ್ಬಿನ ಒಕ್ಕಲುತನದ ಮನೆ. ಓಣಿಯವರೆಲ್ಲ ಕಾಕು ಎಂದು ಕರೆಯುತ್ತಿದ್ದವಳು ಆ ಮನೆಯ ಹಿರಿಯ ಸೊಸೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹೊಲದಲ್ಲಿ ಗಂಡನ ಪಾಲು ಆಕೆಯ ಹೆಸರಿಗಿತ್ತು. ಅದನ್ನು ತನ್ನ ಹೆಸರಿಗೆ ಬರೆದುಕೊಡೆಂದು ಮೈದುನ ಕಾಡುತ್ತಿದ್ದ. ಕಾಕು ಒಪ್ಪಲಿಲ್ಲ. ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿದಳು.

"ಬದಕ ಸಾಕ್ತೀನಿ. ತತ್ತಿ ಮಾರಿ ನನ್ನ ಹೊಟ್ಟಿ ನಾ ಹೊರಕೋತೀನಿ," ಎಂದಳು. ಬದಕ ಅಂದರೆ ನಮ್ಮ ಕಡೆ ಬಾತುಕೋಳಿ, ತತ್ತಿ ಅಂದರೆ ಮೊಟ್ಟೆ.

"ನೀವ್ಯಾಕ ತ್ರಾಸ ತಗೋತೀರಿ ವೈನಿ, ಮರಿ ನಾ ತಂದ ಕೊಡ್ತೀನಿ," ಎಂದವನು ಅದೇ ಮೈದುನ. ಹೊಳೆದಂಡೆಯಲ್ಲಿ ಬಾತುಮರಿ ಮಾಡಿ ಮಾರುವವನೊಬ್ಬನಿದ್ದ, ಅವನಲ್ಲಿಂದ ಬುಟ್ಟಿ ತುಂಬ ತಂದುಕೊಟ್ಟ. ಅವನಿಗೂ ಕರುಣೆ ಇದೆಯಲ್ಲ ಎಂದು ನಮ್ಮ ಅತ್ತೆ ಕೂಡ ಹೊಗಳಿದರು.

ಆ ಮರಿಗಳನ್ನು ಕಾಕು ಸಾಕಿದ ರೀತಿ... ರಟ್ಟಿನ ಪೆಟ್ಟಿಗೆಯಲ್ಲಿ ಒಣ ಹುಲ್ಲು ಹಾಸಿ ಮೇಲೆ ಬಲ್ಬು ಇಳಿಬಿಟ್ಟಿದ್ದಳು. ಮರಿಗಳು ಬಲ್ಬಿನ ಕೆಳಗೆ ಒತ್ತಿಕೊಂಡು ನಿಂತರೆ ಚಳಿ ಎಂದು ಕೆಳಗಿಳಿಸುವಳು, ದೂರ ಸರಿದು ಬಾಯಿ ತೆರೆದರೆ ಸೆಕೆ ಎಂದು ಮೇಲೆತ್ತುವಳು. ನೀರಿನ ತಾಟಿನಲ್ಲಿ ಮರಿ ಬಿದ್ದು ತೋಯದಂತೆ ಹರಳು ತುಂಬಿದ್ದಳು. ಕಾಲು ಅಗಲವಾಗಿ ಜಾರುತ್ತಿದ್ದ ಒಂದು ಮರಿಗೆ ಎರಡೂ ಕಾಲು ಸೇರಿಸಿ ಉಣ್ಣೆ ದಾರ ಕಟ್ಟಿ ನಡೆಯಲು ಕಲಿಸಿದಳು. ಒಮ್ಮೆ ಗೋಡೆಯ ಮೇಲಿಂದ ನನ್ನ ಅಂಗೈಗೆ ಒಂದನ್ನು ಇಟ್ಟಳು.

"ಹಿಡೀವಾ. ತತ್ತಿ ಅಲ್ಲ ಇದು, ಜೀವ. ನಿಮ್ಮ ಅತ್ತಿ ಏನೂ ಅನ್ನಂಗಿಲ್ಲ."

ಕಟ್ಟೆಯ ಮೇಲೆ ಕೂತ ಗಂಡಸರು ಆಗಾಗ ಕೂಗುತ್ತಿದ್ದರು, "ಕಾಕೂ, ತತ್ತಿ ಯಾವಾಗರಿ?" ಆಕೆ ಸೆರಗು ಸರಿಮಾಡಿಕೊಂಡು, "ಸುಗ್ಗಿ ಹೊತ್ತಿಗೆ ಬರ್ರಿ," ಅನ್ನುವಳು. ಅವರು ನಗುವರು. ಆಕೆಯೂ ನಗುವಳು. ಪ್ರೀತಿಯ ನಗೆಯೆಂದು ನಾನು ತಿಳಿದಿದ್ದೆ.

ಬಾತುಗಳು ಬೆಳೆದವು. ಬಾಲದ ಮೇಲೊಂದು ಗರಿ ಸುರುಳಿ ಸುತ್ತಿಕೊಂಡಿತು. ಕಾಕುವಿಗೆ ಅದೇ ಚಂದ. ತತ್ತಿ ಇಡಲೆಂದು ಮೂಲೆಗಳಲ್ಲಿ ಹುಲ್ಲಿನ ಗೂಡು ಮಾಡಿಟ್ಟಳು. ತತ್ತಿ ಕೊಳ್ಳುವ ಮಾತಾಡಲೆಂದು ಅಥಣಿಯ ಖಾನಾವಳಿಯ ಹೆಂಗಸೊಬ್ಬಳು ಬಂದವಳು ಒಂದು ಬಾತನ್ನು ಎತ್ತಿ ಹಿಡಿದಳು. ಅದು ಗಂಟಲು ಕಟ್ಟಿದವರಂತೆ ಖರ್ ಖರ್ ಎಂದಿತು. ಇನ್ನೊಂದನ್ನು ಎತ್ತಿದಳು. ಅದೂ ಹಾಗೆಯೇ.

"ಏನ್ರಿ ಇದು? ಹೆಣ್ಣಿದ್ರ ಓಣಿ ಕೇಳೂವಂಗ ಒದರತಾವ. ಬಾಲಾ ನೋಡ್ರಿ, ಎಲ್ಲಾ ಗಂಡೇ ಅದಾವಲ್ರಿ."

ಕಟ್ಟೆಯ ಮೇಲೆ ನಗೆ ಸಿಡಿಯಿತು. ಅಷ್ಟು ತಿಂಗಳು ಬಾಯಲ್ಲಿ ಹಿಡಿದುಕೊಂಡಿದ್ದ ನಗೆ ಅದು. ಓಣಿಗೆಲ್ಲ ಗೊತ್ತಿತ್ತು. ಮೈದುನ ತೊಡೆ ತಟ್ಟಿಕೊಂಡ. "ತತ್ತಿ ಇಡದಿದ್ರ ಏನಾತು ವೈನಿ, ಸಾರಿಗೆ ಆಗ್ತಾವಲ್ಲ!"

ಮೈದುನನ ಹೆಂಡತಿ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಕಾಕು ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ನಿನಗೂ ಗೊತ್ತಿತ್ತ?"

ಅವಳು ನೆಲ ನೋಡಿದಳು.

ಆ ಭಾನುವಾರ ಮೈದುನ ಗೆಳೆಯರನ್ನು ಊಟಕ್ಕೆ ಕರೆದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾತುಗಳನ್ನು ಒಂದೊಂದಾಗಿ ಕೊಯ್ದರು. ಕಾಕು ಕೂಗಿದಳು, ಅಡ್ಡ ನಿಂತಳು, ಅವಳನ್ನು ಸರಿಸಿದರು. ಆಮೇಲೆ ಮೈದುನ, "ಮಸಾಲಿ ನೀವ ಅರೀರಿ ವೈನಿ, ನಿಮ್ಮ ಕೈ ರುಚಿ," ಎಂದ. ಆಕೆ ಅರೆದಳು. ನಮ್ಮ ಅತ್ತೆ ಕಿಟಕಿ ಮುಚ್ಚಿ ಜಪಕ್ಕೆ ಕೂತರು. ಒರಳಿನ ಸಪ್ಪಳ ಮಾತ್ರ ಕೇಳುತ್ತಲೇ ಇತ್ತು...

ಕೆಲವು ದಿನಗಳ ನಂತರ ಕಾಕು ನನ್ನನ್ನು ಜೊತೆಗೆ ಕರೆದುಕೊಂಡು ಹೊಳೆದಂಡೆಯ ಆ ಮನುಷ್ಯನ ಹತ್ತಿರ ಹೋದಳು. ಅವನು ಮುಚ್ಚುಮರೆ ಮಾಡಲಿಲ್ಲ. "ನಿಮ್ಮ ಮೈದುನಾರು ಗಂಡ ಆರಿಸಿ ಕೊಡು ಅಂದ್ರು. ಎಲ್ಲಾರೂ ಹೆಣ್ಣ ಕೇಳ್ತಾರ್ರಿ, ಗಂಡು ಹೆಂಗೂ ಚೆಲ್ಲಾವ್ನ. ಹೂಂ ಅಂದೆ."

ಕಾಕು ಬಯ್ಯುತ್ತಾಳೆಂದು ಕಾದೆ. ಆಕೆ ನೆಲದ ಮೇಲೆ ಕೂತು, "ಹೆಂಗ ಗೊತ್ತಾಗತೈತಿ, ತೋರಸು," ಎಂದಳು.

ಅವನು ಆಗಷ್ಟೇ ಹುಟ್ಟಿದ ಮರಿಯನ್ನು ಬೋರಲು ಹಿಡಿದು, ಬಾಲವನ್ನು ಹಿಂದಕ್ಕೆ ಬಾಗಿಸಿ, ಹೆಬ್ಬೆರಳಿನಿಂದ ಗುದದ್ವಾರವನ್ನು ಮೆತ್ತಗೆ ಅರಳಿಸಿ ತೋರಿಸಿದ. ಗಂಡಾದರೆ ಒಳಗೆ ಸಣ್ಣ ಮೊಳಕೆಯಂಥದ್ದು ಕಾಣುತ್ತದೆ, ಹೆಣ್ಣಾದರೆ ಇಲ್ಲ. ಕಾಕು ಒಂದನ್ನು ತೆಗೆದುಕೊಂಡಳು. ಒತ್ತಿದ್ದು ಹೆಚ್ಚಾಗಿ ಮರಿ ಅವಳ ಬೆರಳುಗಳ ನಡುವೆಯೇ ಒಡೆಯಿತು. ನಾನು ಚೀರಿದೆ. ಆಕೆ ಅದನ್ನು ಪಕ್ಕಕ್ಕಿಟ್ಟು, ಬೆರಳನ್ನು ಸೀರೆಗೆ ಒರೆಸಿಕೊಂಡು ಇನ್ನೊಂದಕ್ಕೆ ಕೈ ಹಾಕಿದಳು.

ಕಲಿತಳು, ಆದರೆ ಅವನಲ್ಲಿ ಕೊಳ್ಳಲಿಲ್ಲ. ರಾಯಬಾಗ, ಕರೋಶಿ, ನಿಪ್ಪಾಣಿ ಎಂದು ತಿರುಗಿದಳು. ಎಲ್ಲೇ ಹೋಗಲಿ ಮೊದಲು ತಾಯಿಬಾತು ತೋರಿಸೆನ್ನುವಳು. ಹಾಸಿದ ಹುಲ್ಲಿನೊಳಗೆ ಕೈ ತೂರಿಸಿ ಹಸಿ ಇದೆಯೇ ನೋಡುವಳು. ತಾಟು ಬಡಿದರೆ ಮರಿಗಳು ಓಡಿ ಬರುತ್ತವೋ ಇಲ್ಲವೋ ನೋಡುವಳು. "ನಾನ ಆರಿಸಕೋತೀನಿ," ಎಂದಾಗ ಯಾರ ಮುಖ ಸಣ್ಣದಾಗುತ್ತದೋ ಅಲ್ಲಿಂದ ಎದ್ದುಬಿಡುವಳು. ಕಡೆಗೆ ರಾಯಬಾಗದ ಕಡೆಯ ಒಬ್ಬ ಮುದುಕಿ ಬುಟ್ಟಿಯನ್ನೇ ಮುಂದೆ ಸರಿಸಿದಳು. ಅಲ್ಲಿಂದ ಹೆಣ್ಣು ಮರಿಗಳನ್ನೂ, ಕಾವಲಿಗೆಂದು ಹೆಬ್ಬಾತಿನ ಜೋಡಿಯನ್ನೂ ತಂದಳು. ಹೆಬ್ಬಾತುಗಳು ಮೈದುನ ಹಿತ್ತಲಿಗೆ ಬಂದರೆ ಕತ್ತು ಚಾಚಿಕೊಂಡು ಬೆನ್ನಟ್ಟುತ್ತಿದ್ದವು. ಒಮ್ಮೆ ಅವನ ಮೀನಖಂಡ ಕಚ್ಚಿ ನೀಲಿಗಟ್ಟಿಸಿದಾಗ ಕಾಕು ಬಿಡಿಸಲು ಏಳಲಿಲ್ಲ.

ತತ್ತಿ ಬಂದವು. ಮುಂದೆ ಮರಿ ಮಾಡುವ ಮಷೀನೂ ಬಂತು. ಕಾಗವಾಡದಿಂದ ಜನ ಹುಡುಕಿಕೊಂಡು ಬಂದು ಹೆಣ್ಣು ಮರಿ ಒಯ್ದರು. ಕಾಕುವಿನ ಕೈ ತಪ್ಪುತ್ತಿರಲಿಲ್ಲ. ಅಷ್ಟರಲ್ಲಿ ಮೈದುನ ನಿಪ್ಪಾಣಿಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿ, ಹೆಂಡತಿಯನ್ನು ಇಲ್ಲಿಯೇ ಬಿಟ್ಟ. ಅವಳು ಹಿತ್ತಲಿಗೆ ಬಂದು ಕೆಲಸ ಕೇಳಿದಳು. ನಾನು ಗೋಡೆಯ ಈಚೆ ಬಟ್ಟೆ ಒಣಹಾಕುತ್ತಿದ್ದೆ.

"ಒಂದ ಕೆಲಸಾ ಐತಿ," ಎಂದಳು ಕಾಕು. "ನಾ ಆರಿಸಿ ಕೊಡ್ತೀನಿ. ಗಂಡು ನೀ ನೀರಾಗ ಮುಳಗಸು."

"ಅಕ್ಕಾರ, ಬ್ಯಾರೇದೇನರ ಕೊಡ್ರಿ. ಹೇಲು ಬಳೀತೀನಿ."

"ಅದನ್ನ ಬಳ್ಯಾಕ ಮಂದಿ ಅದಾರ."

ಅವಳು ಬಕೆಟ್ಟಿನ ಮುಂದೆ ಕೂತಳು. ಕಾಕು ಮರಿ ಎಸೆಯುತ್ತಿರಲಿಲ್ಲ, ಒಂದೊಂದನ್ನೂ ಅವಳ ಅಂಗೈಯಲ್ಲೇ ಇಡುತ್ತಿದ್ದಳು. ಮೊದಲ ದಿನ ಅವಳು ಕಣ್ಣು ಮುಚ್ಚಿದಾಗ, "ಕಣ್ಣ ತಗಿ," ಎಂದಳು.

ನನಗೆ ತಡೆಯಲಾಗಲಿಲ್ಲ. "ಆಕೀ ಏನ ಮಾಡ್ಯಾಳ್ರಿ ಕಾಕು? ಮೋಸಾ ಮಾಡಿದಾಂವ ಆಂವ."

"ಆಂವ ವೈರಿ. ವೈರಿ ಮಾಡೂದ ಮಾಡಿದ. ಇಕಿ ನನ್ನ ತಾಟಿನಾಗ ಉಂಡಾಕಿ."

ಆಮೇಲೆ ನಾನು ಗೋಡೆಯ ಹತ್ತಿರ ಹೋಗುವುದನ್ನು ಬಿಟ್ಟೆ. ನಾವು ಅಥಣಿಯಲ್ಲಿ ಮನೆ ಮಾಡಿದ ಮೇಲೆ ಕಾಕು ತೀರಿಕೊಂಡ ಸುದ್ದಿ ಬಂತು. ಮಣ್ಣು ಮಾಡುವುದಕ್ಕೂ ನಾನು ಹೋಗಲಿಲ್ಲ.

ಹಿಂಡಿ ಅಂಗಡಿಯ ಆ ವಾಸನೆ ಎರಡು ದಿನ ಬಿಡಲಿಲ್ಲ. ಬಸ್ಸು ಹತ್ತಿ ಶೇಡಬಾಳಕ್ಕೆ ಹೋದೆ. ಹಿತ್ತಲಲ್ಲಿ ಮೈದುನನ ಹೆಂಡತಿ ಮಣೆಯ ಮೇಲೆ ಕೂತು ಮರಿ ಆರಿಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದು, "ಬರ್ರಿ ಬರ್ರಿ," ಎಂದು ಜಾಗ ಮಾಡಿದಳು.

"ಕಡೀಕ ಅಕ್ಕಾರು ಹಾಸಿಗಿ ಹಿಡದ್ರು ನೋಡ್ರಿ. ನಾನ ಉಣಸಿದೆ, ನಾನ ತೊಳದೆ. ನನ್ನ ಕೂಡ ಒಂದ ಮಾತ ಆಡ್ಲಿಲ್ಲ. ಹೋಗೂ ಹೊತ್ತಿನಾಗೂ ಮಾರಿ ಗ್ವಾಡಿ ಕಡೆ ಮಾಡಿದ್ರು."

ಮಾತಾಡುತ್ತಲೇ ಅವಳ ಕೈ ಕೆಲಸ ಮಾಡುತ್ತಿತ್ತು. ಹೆಣ್ಣು ಬುಟ್ಟಿಗೆ, ಗಂಡು ಬಕೆಟ್ಟಿಗೆ. ಅತ್ತ ನೋಡುತ್ತಲೂ ಇರಲಿಲ್ಲ.

"ಈಗ ನಿಮಗ ಹೇಳಾವ್ರ ಯಾರೂ ಇಲ್ಲಲ್ರಿ," ಎಂದೆ. "ಇನ್ನೂ ಯಾಕ..."

"ಏನ್ರಿ?" ಎಂದಳು. ನಾನು ಕೇಳಿದ್ದು ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ. ನಾನು ಬಕೆಟ್ಟಿನ ಕಡೆ ನೋಡಿದಾಗ ಅವಳೂ ನೋಡಿ, "ಹಾಂ, ನೀರ ಬದಲಸ್ಬೇಕು," ಎಂದು ಎದ್ದಳು.

ಚಹಾ ಕುಡಿದು ಹೋಗಿರೆಂದಳು. ಬಸ್ಸಿಗೆ ಹೊತ್ತಾಯಿತೆಂದೆ. ಕಾಕು ಮಲಗುತ್ತಿದ್ದ ಹಿಂದಿನ ಕೋಣೆಯಲ್ಲಿ ಈಗ ಮಷೀನು ಗುಂಯ್‌ಗುಡುತ್ತಿತ್ತು, ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಆಕೆಗಾಗಿ ಅತ್ತು ಬರೋಣವೆಂದೇ ಅಷ್ಟು ದೂರ ಹೋಗಿದ್ದೆ. ಅಳು ಬರಲಿಲ್ಲ.