ಬಣ್ಣದ ಡಬ್ಬಿ ಮತ್ತು ಬಸವಕ್ಕನ ಕಣ್ಣು

ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಇಳಿಯುವುದಿಲ್ಲ. ಆದೋನಿಯ ನಮ್ಮ ಓಣಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ದಿನಕ್ಕೆ ಮೂರು ಅಕ್ಷರ ಕೊಡುವುದು, ಆ ಮೂರೂ ಇರುವ ಇಂಗ್ಲಿಷ್ ಪದಗಳನ್ನು ಹಳೆಯ ಪೇಪರಿನಲ್ಲಿ ಹುಡುಕಿ ಅವರು ಕತ್ತರಿಸಿ ತರುವುದು, ಇದು ನಾನು ಕೊಡುವ ಮನೆಪಾಠ. ಜಾಣರು ಹತ್ತು ಪದ ತರುತ್ತಾರೆ, ಉಳಿದವರು ನೆಪ ತರುತ್ತಾರೆ. ಎದುರು ಮನೆಯ ಹಾರಿಕಾ ಮಾತ್ರ ಇದ್ದಕ್ಕಿದ್ದಂತೆ ಮೂವತ್ತು, ನಲವತ್ತು ತರತೊಡಗಿದಳು. ಅವಳಿಗೆ ಐದನೇ ತರಗತಿಯ ಪಾಠ ಓದಲೇ ತಡವರಿಕೆ.

"ಮೊಬೈಲ್‌ನಾಗ ನೋಡಿ ತಂದೀ ಹೌದಿಲ್ಲೋ?" ಎಂದು ಎಲ್ಲರ ಮುಂದೆ ಬೈದು ಚೀಟಿಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದೆ.

"ನಾನಲ್ಲ ಟೀಚರ್, ನಮ್ಮ ಅಜ್ಜಿ ಹುಡುಕ್ಯಾಳ" ಎಂದು ಹುಡುಗಿ ಅತ್ತಳು.

ಅವಳ ಅಜ್ಜಿ ಬಸವಕ್ಕ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವುದನ್ನು ನಾನೇ ನೋಡಿದ್ದೆ. ಸುಳ್ಳಿಗೂ ಒಂದು ಮಿತಿ ಬೇಡವೇ? ಹುಡುಗಿಯ ಕೈ ಹಿಡಿದು ಅವರ ಮನೆಗೇ ನಡೆದೆ.

ಬಸವಕ್ಕ ಎಂದಿನಂತೆ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ಹಾಲಹರವಿ ಕಡೆಯ ಕುರಿಗಾರರ ಮನೆಯವಳು. ಗಂಡ ಭೀಮಲಿಂಗಪ್ಪ ತೀರಿಕೊಂಡ ಮೇಲೂ ಕುರಿಗಳ ಹಿಂದೆ ಊರೂರು ತಿರುಗಿದವಳು. ಹೋದ ವರ್ಷ ಆದೋನಿಯ ಮಗನ ಮನೆಗೆ ಬಂದವಳಿಗೆ ಒಂದು ದಿನವೂ ಕೂತಲ್ಲಿ ಕೂರಲಾಗಿರಲಿಲ್ಲ. ಓಣಿಯಲ್ಲಿ ಮೇಕೆ ಹೋದರೂ ಬಾಗಿಲಿಗೆ ಓಡಿ ಬರುವಳು.

ಅವಳ ಮುಂದೆ ಪೇಪರ್ ಹಾಸಿ, ಚೀಟಿಯಲ್ಲಿ ಹೊಸದಾಗಿ ಮೂರು ಅಕ್ಷರ ಬರೆದು ಕೊಟ್ಟೆ. ಬಸವಕ್ಕ ಅದನ್ನೊಮ್ಮೆ ನೋಡಿ ಟೆಂಡರ್ ಜಾಹೀರಾತಿನ ಪುಟ ತಿರುವಿದಳು. ಬೆರಳು ಅಲ್ಲಿ ಕುಟ್ಟಿತು, ಇಲ್ಲಿ ಕುಟ್ಟಿತು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಏಳು ಪದ ಸಿಕ್ಕಿದ್ದವು. ಒಂದೂ ತಪ್ಪಿರಲಿಲ್ಲ. ಎಲ್ಲವೂ ದೊಡ್ಡಕ್ಷರದವೇ; ಸಣ್ಣಕ್ಷರ ಆಕೆಗೆ ಗೊತ್ತಿರಲಿಲ್ಲ.

"ಓದಾಕ ಬರಂಗಿಲ್ರಿ ಟೀಚರಮ್ಮ. ಕುರಿ ಬೆನ್ನಿನ ಮ್ಯಾಲ ಇಂಥವೇ ಬರದಿರ್ತಾರ. ಮಂದ್ಯಾಗ ನಮ್ಮವು ಹುಡುಕಿದಂಗ ಹುಡುಕ್ತೀನಿ, ಅಷ್ಟ."

ನನ್ನ ಮುಖ ಸಪ್ಪಗಾಯಿತು. ಹಾರಿಕಾಳ ಕ್ಷಮೆ ಕೇಳಿದೆ. ಅಜ್ಜಿಗೆ ಈ ಆಟದ ಹುಚ್ಚು ಯಾಕೆಂದು ಕೇಳಿದಾಗ ಬಸವಕ್ಕ ಎಲ್ಲ ಹೇಳಿದಳು. ಅವಳ ಕುರಿಗಳು ಗಂಡನ ಅಣ್ಣನ ಮಗ ಆಂಜಿನೇಯನ ಮಂದೆಯಲ್ಲಿ ಕೂಡಿಯೇ ಮೇಯುತ್ತವೆ. ಬೆನ್ನ ಮೇಲೆ ಬಣ್ಣದಲ್ಲಿ ಅವಳ ಕುರಿಗಳಿಗೆ ಗಂಡನ ಹೆಸರಿನ ಬಿ, ಎಂ, ಎಲ್, ಅವನವಕ್ಕೆ ಎ. ದೀಪಾವಳಿ ಕಳೆದ ಮೇಲೆ ತಮ್ಮ ತಮ್ಮ ಕುರಿ ಬೇರೆ ಮಾಡಿ ನೋಡಿಕೊಂಡು, ಮತ್ತೆ ಕೂಡಿಸಿ ಕಾಲುವೆ ನೀರಿನ ಹೊಲಗಳ ಕಡೆ ಹೊಡೆದುಕೊಂಡು ಹೋಗುವುದು ವಾಡಿಕೆ. ಹೋದ ವರ್ಷ ಬಸವಕ್ಕ ಇಪ್ಪತ್ನಾಲ್ಕು ಕುರಿ ಹಿಡಿದಳು. ಅದರಲ್ಲಿ ಎರಡರ ಬೆನ್ನ ಮೇಲೆ ಎ ಇತ್ತು. ಸುತ್ತ ನಿಂತವರೆಲ್ಲ ನಕ್ಕರು.

"'ಚಿಗವ್ವ, ನಿನ್ನ ಕಣ್ಣು ಹೋಗ್ಯಾವ, ಮನ್ಯಾಗ ಕುಂದ್ರು' ಅಂದ ಆಂಜಿನೇಯ. ನನಗೂ ಖರೇ ಅನಿಸ್ತು. ದವಾಖಾನ್ಯಾಗ ಕಣ್ಣು ಚಲೋ ಅದಾವ ಅಂದ್ರ ಅದನ್ನೂ ನಂಬಲಿಲ್ಲ." ಬಸವಕ್ಕ ಮತ್ತೆ ನಡೆಯತೊಡಗಿದಳು. "ಈ ಸಲ ಒಂದೂ ತಪ್ಪದಂಗ ಹಿಡಿದ್ರ ಕರಕೊಂಡು ಹೋಗ್ತೀನಿ ಅಂದಾನ. ತಪ್ಪಿದ್ರ ಮತ್ತ ಈ ಗ್ವಾಡಿ ನೋಡಿಕೋತ ಕುಂದ್ರಬೇಕು. ಈ ಮನ್ಯಾಗ ನಾನು ಬಾಳ ದಿನ ಉಳಿಯಂಗಿಲ್ರಿ."

ಅಂದಿನಿಂದ ಮನೆಯಲ್ಲಿದ್ದ ಹಳೆ ಪೇಪರೆಲ್ಲ ಅವಳಿಗೆ ಕೊಟ್ಟೆ. ಬಸವಕ್ಕ ಉಣ್ಣುವಾಗಲೂ ಪೇಪರ್ ಬಿಡಲಿಲ್ಲ. ಬಿ, ಎಂ, ಎಲ್ ಮೂರನ್ನೇ ಹುಡುಕಿ ಹುಡುಕಿ ಟೆಂಡರ್ ಪುಟಗಳನ್ನು ಜರಡಿ ಮಾಡಿದಳು. ಕುರಿ ಬೇರೆ ಮಾಡುವ ದಿನ ಹತ್ತಿರ ಬಂದಂತೆ ಅವಳ ತಳಮಳ ನನಗೂ ಅಂಟಿತು. ಪಾಠ ಹೇಳುತ್ತಲೇ ಎದುರು ಮನೆಯ ಕಡೆ ನೋಡುವಂತಾಯಿತು.

ಆ ಭಾನುವಾರ ಅವಳ ಜೊತೆ ನಾನೂ ಹಾರಿಕಾಳೂ ಬಸ್ಸು ಹತ್ತಿದೆವು. ಅವಳ ಊರಿನ ಹೊರಗಿನ ಬಯಲಿನಲ್ಲಿ ಮಂದೆ ನಿಂತಿತ್ತು. ಬಸವಕ್ಕ ಸರಸರ ಹೋದವಳು ಗಕ್ಕನೆ ನಿಂತಳು.

ಕುರಿಗಳ ಮೈ ಬೋಳಾಗಿತ್ತು. ಪ್ರತಿ ವರ್ಷ ಕುರಿ ಬೇರೆ ಮಾಡಿದ ಮೇಲೆ ಬರುವ ಉಣ್ಣೆ ಕತ್ತರಿಸುವವರು ಈ ಸಲ ನಾಲ್ಕು ದಿನ ಮೊದಲೇ ಬಂದು ಹೋಗಿದ್ದರು. ಉಣ್ಣೆಯ ಜೊತೆ ಬಣ್ಣವೂ ಹೋಗಿ, ಯಾವ ಬೆನ್ನ ಮೇಲೂ ಒಂದಕ್ಷರವಿರಲಿಲ್ಲ.

"ಅವರು ಬಂದಾಗ ಬ್ಯಾಡ ಅನ್ನಾಕ ಆಗ್ತೈತೇನು ಚಿಗವ್ವ? ಮುಂದಿನ ವರ್ಷ ನೋಡೋಣ ಬಿಡು" ಎಂದ ಆಂಜಿನೇಯ.

ಅಷ್ಟು ಪೇಪರ್ ತಿರುವಿದ್ದೆಲ್ಲ ನೀರಿನಲ್ಲಿ ಹೋಮವಾಯಿತೆಂದು ಅವನ ಮೇಲೆ ಉರಿದುಬಿದ್ದೆ. ಬಸವಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಸೀರೆ ಮೇಲಕ್ಕೆ ಸಿಕ್ಕಿಸಿ ಮಂದೆಯೊಳಗೆ ನುಗ್ಗಿದಳು.

ಮುಖ ನೋಡುವಳು, ಕಾಲು ಹಿಡಿಯುವಳು, ಆಚೆ ತಳ್ಳುವಳು. ಹಾರಿಕಾ ಎಣಿಸುತ್ತಿದ್ದಳು. ಇಪ್ಪತ್ತೆರಡಕ್ಕೆ ಆಂಜಿನೇಯ, "ಸರೇ, ಮುಗೀತು. ಎಲ್ಲಾ ನಿನ್ನವೇ. ಗೆದ್ದಿ ಬಾ" ಎಂದ. ಬಸವಕ್ಕ ಕೇಳಿಸಿಕೊಳ್ಳಲಿಲ್ಲ. ಇನ್ನೂ ಎರಡನ್ನು ಎಳೆದು ತಂದಳು.

"ಹೋದ ವರ್ಷದ್ದೇ ತಪ್ಪು ಮತ್ತ ಮಾಡಿದಿ ನೋಡು" ಎಂದು ಅವನು ನಕ್ಕ.

ಬಸವಕ್ಕ ಒಂದು ಕುರಿಯ ಪಕ್ಕೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಅಲ್ಲಿ ಅಡ್ಡಡ್ಡ ಮೂರು ಸುಟ್ಟ ಗೆರೆ. ಇನ್ನೊಂದಕ್ಕೂ ಅದೇ ಜಾಗದಲ್ಲಿ ಅವೇ ಮೂರು. ಮರಿಗಳಿದ್ದಾಗ ಹೊಟ್ಟೆ ಉಬ್ಬರಿಸಿ ಬಿದ್ದಿದ್ದವಂತೆ. ಕುಡುಗೋಲು ಕಾಯಿಸಿ ತಾನೇ ಬರೆ ಎಳೆದು ಬದುಕಿಸಿದ್ದಳು. ಉಣ್ಣೆ ಬೆಳೆದರೆ ಅದು ಯಾರಿಗೂ ಕಾಣುವುದಿಲ್ಲ.

"ಬಣ್ಣ ಹಚ್ಚುವಾಗ ತಪ್ಪಾಗಿರಬೇಕು ಚಿಗವ್ವ..."

"ಆಗಿರಬೋದು. ಹೋದ ವರ್ಷ ನಾ ಹೋದ ಮ್ಯಾಲ ಉಣ್ಣಿ ತಗಸಿದ್ಯಲ್ಲ, ಆವಾಗ ಈ ಬರಿ ಕಾಣಲಿಲ್ಲೇನು ನಿನಗ?"

ಆಂಜಿನೇಯ ತಲೆ ತಗ್ಗಿಸಿದ. ಹೋದ ವರ್ಷ ನಕ್ಕವರು ಈಗ ಕುರಿಗಳನ್ನು ನೋಡುತ್ತ ನಿಂತರು. ಕೊನೆಗೆ ಅವನೇ, "ನಾಳೆ ಹೊರಡೂದೈತಿ, ನೀನೂ ಬಾ" ಎಂದ.

"ಬರ್ತೀನಿ. ಬಣ್ಣದ ಡಬ್ಬಿ ಮಾತ್ರ ನನ್ನ ಕೈಯಾಗ ಇರ್ತೈತಿ."

ಗೆದ್ದವಳು ನಗುತ್ತಾಳೆಂದುಕೊಂಡೆ. ಬಸವಕ್ಕ ಆ ಎರಡು ಕುರಿಗಳ ನಡುವೆ ಕುಕ್ಕರಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ವರ್ಷಪೂರ್ತಿ ನನ್ನ ಕಣ್ಣನ್ನ ನಾನ ಬೈದೆನಲ್ರಿ ಟೀಚರಮ್ಮ."