ಪಿಂಡ ಮುಟ್ಟಿದ ಹೆಬ್ಬಾತು

ಹೋದ ವಾರ ನನ್ನ ಹೆಬ್ಬಾತುಗಳು ಒಬ್ಬ ಹೆಣ್ಣುಮಗಳ ಹತ್ತನೆಯ ದಿನದ ಪಿಂಡ ತಿಂದುಬಿಟ್ಟವು.

‘ನನ್ನ’ ಎಂದದ್ದು ಪ್ರೀತಿಗೆ. ನಿಜವಾಗಿ ಅವು ಯಾರವೂ ಅಲ್ಲ. ಯಾರೋ ಸಾಹೇಬ ವಿಲಾಯತಿಗೆ ಹೊರಟಾಗ ಪುಣೆಯ ಹೊರಗೆ ಪಾಷಾಣವೆಂಬ ಹಳ್ಳಿಯ ಕೆರೆಗೆ ಬಿಟ್ಟು ಹೋದನಂತೆ. ನಾಲ್ಕು ಬಿಳಿ ಹೆಬ್ಬಾತು, ಅವುಗಳ ಸುತ್ತ ಹತ್ತೆಂಟು ಬಾತುಕೋಳಿ. ಧಾರವಾಡದಿಂದ ಪುಣೆಯ ಆಫೀಸಿಗೆ ಬಂದಾಗಿನಿಂದ, ಅಂದರೆ ಐದು ವರ್ಷದಿಂದ, ಪ್ರತಿ ರವಿವಾರ ಬೆಳಿಗ್ಗೆ ಕಿಸೆ ತುಂಬ ಚುರುಮುರಿ ತುಂಬಿಕೊಂಡು ಸೈಕಲ್ ಏರಿ ಅಲ್ಲಿಗೆ ಹೋಗುತ್ತೇನೆ. (“ನಮಗ ಇಷ್ಟ ತಪ್ಪದ ಏನರ ತಂದೀರೇನು?” ಎಂದು ಹೆಂಡತಿ ಕೇಳುತ್ತಾಳೆ.)

ಏನಿದೆ ಅಲ್ಲಿ ನೋಡಲಿಕ್ಕೆ? ಬಾತು ತಲೆ ಕೆಳಗೆ ಮಾಡಿ ಮುಳುಗುತ್ತದೆ, ಬಾಲ ಮಾತ್ರ ಮೇಲೆ ನಿಲ್ಲುತ್ತದೆ. ಮತ್ತೆ ಎದ್ದು, ಏನೂ ಆಗಿಲ್ಲವೆಂಬಂತೆ ಮೈ ಕೊಡವುತ್ತದೆ. ಹೆಬ್ಬಾತುಗಳು ನಮ್ಮ ಹೆಡ್ ಕ್ಲಾರ್ಕರ ಹಾಗೆ ಎದೆ ಮುಂದೆ ಮಾಡಿ ನಡೆಯುತ್ತವೆ. ಅಷ್ಟೇ. ಅಷ್ಟಕ್ಕೇ ನನಗೆ ವಾರವಿಡೀ ಸಾಲುವಷ್ಟು ಸಂತೋಷ. ಯಾಕೆ ಎಂದು ನನಗೇ ತಿಳಿದಿಲ್ಲ. ತಿಳಿಯದಿದ್ದರಿಂದ ಈವರೆಗೆ ಯಾರಿಗೂ ತೊಂದರೆ ಆಗಿರಲಿಲ್ಲ.

ಒಂದೇ ಅಂಗಳದ ಸುತ್ತ ಹಲವು ಬಿಡಾರಗಳಿರುವ ನಮ್ಮ ವಾಡೆಯಲ್ಲಿ ಎದುರು ಮನೆ ಗೋಪಾಳರಾಯರದು. ಬೆಳಗಾವಿಯವರು, ಬಟ್ಟೆ ವ್ಯಾಪಾರ. ಹೆಂಡತಿ ತೀರಿಕೊಂಡ ಮೇಲೆ ಮಗಳು ಸುಮಿಯನ್ನು ಬೆಳೆಸಿದವರು ರಾಯರ ವಿಧವೆ ಅಕ್ಕ, ಅಂಬಕ್ಕ. ಅಂಬಕ್ಕನಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ಆದರೆ ಸುಮಿ ಮ್ಯಾಟ್ರಿಕ್ ಆಗಲೇಬೇಕೆಂದು ಹಟ ಹಿಡಿದಿದ್ದರು. ಇನ್ನು ಎರಡೇ ವರ್ಷ ಉಳಿದಿತ್ತು. ಇತ್ತ ರಾಯರು ಹುಬ್ಬಳ್ಳಿಯಲ್ಲಿ ಒಬ್ಬ ವರನನ್ನು ನೋಡಿ ಇಟ್ಟಿದ್ದರು. ಅಕ್ಕ ಇರುವ ತನಕ ಆ ಮಾತು ಎತ್ತುವ ಧೈರ್ಯ ಆಗಿರಲಿಲ್ಲ. ಶ್ರಾವಣದಲ್ಲಿ ಅಂಬಕ್ಕ ಹೋಗಿಬಿಟ್ಟರು.

ಹತ್ತನೆಯ ದಿನ ನದಿಗೆ ಮಹಾಪೂರ ಬಂದು, ಕ್ರಿಯೆ ಮಾಡುವ ಘಾಟಿನ ಮೆಟ್ಟಿಲು ಮುಳುಗಿತ್ತು. “ಪಾಷಾಣದ ಕೆರಿ ಅದ ಅಲ್ರಿ” ಎಂದವನು ನಾನೇ, ಜೊತೆಗೆ ಹೋದವನೂ ನಾನೇ. (ಕೇಳದೆ ಉಪಕಾರ ಮಾಡಬೇಡಿರೆಂದು ಹೆಂಡತಿ ಎಷ್ಟು ಸಲ ಹೇಳಿದ್ದಾಳೆ.)

ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಪಿಂಡ ಇಟ್ಟು ದೂರ ನಿಲ್ಲಬೇಕು. ಕಾಗೆ ಬಂದು ಮುಟ್ಟಿದರೆ ಹೋದವರು ತೃಪ್ತರು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಇದ್ದವರು ಬಾಯಿಬಿಟ್ಟು, ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು.

ಕಾಗೆ ಬಂತು. ಜಾಲಿ ಮರದ ಮೇಲೆ ಕೂತಿತು. ಇಳಿಯಲಿಲ್ಲ.

“ಏನರ ಆಸೆ ಉಳದದ್ರಿ ರಾಯರ. ಮಾತು ಕೊಡ್ರಿ,” ಎಂದರು ಕ್ರಿಯೆ ಮಾಡಿಸುತ್ತಿದ್ದ ಆಚಾರ್ಯರು.

ರಾಯರು ಕೈ ಜೋಡಿಸಿದರು. “ಅಕ್ಕಾ, ನಿನ್ನ ಬೆಳ್ಳಿ ದೀಪ ಮಠಕ್ಕ ಕೊಡತೇನಿ.” ಕಾಗೆ ರೆಕ್ಕೆ ತಿಕ್ಕಿಕೊಂಡಿತು. “ಪ್ರತಿ ವರ್ಷಾ ನಿನ್ನ ಹೆಸರಿಲೆ ಊಟಾ ಹಾಕಸತೇನಿ.” ಕಾಗೆ ಆಚೆ ತಿರುಗಿ ಕೂತಿತು. “ಪಂಢರಪುರಕ್ಕ ಹೋಗಿ ಬರತೇನಿ.” ಊಹೂಂ.

ಅರ್ಧ ತಾಸು ಹೋಯಿತು. ಅಂಬಕ್ಕನ ಆಸೆ ಯಾವುದೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ರಾಯರು ಕಡೆಗೆ ಕಣ್ಣು ಮುಚ್ಚಿಕೊಂಡು, “ಅಕ್ಕಾ, ಸುಮಿದು ಸಾಲೀ...” ಎಂದರು.

ಆಗ ಬಂದವು ನೋಡಿ, ನಾಲ್ಕೂ. ನೀರಿನಿಂದೆದ್ದು, ಕುತ್ತಿಗೆ ಚಾಚಿ, ಸೀದಾ ನನ್ನ ಕಡೆಗೆ. ಐದು ವರ್ಷ ನಾನು ಚುರುಮುರಿ ಚೆಲ್ಲಿದ್ದು ಅದೇ ದಂಡೆಯ ಮೇಲೆ. ದಾರಿಯಲ್ಲಿ ಅನ್ನ ಕಂಡಿತು. ನಾನು ‘ಹುಶ್’ ಎನ್ನುವುದರೊಳಗೆ ಪಿಂಡ ಮುಗಿದಿತ್ತು.

ರಾಯರು ಕಣ್ಣು ಬಿಟ್ಟರು, ಮಾತು ಅಲ್ಲಿಗೇ ನಿಂತಿತು. ಆಚಾರ್ಯರು ಬರಿದಾದ ದರ್ಭೆಯನ್ನು ನೋಡಿದರು, ಹೆಬ್ಬಾತುಗಳನ್ನು ನೋಡಿದರು, ಆಮೇಲೆ ಮೋಡವನ್ನು ನೋಡಿದರು. (ಅವರಿಗೆ ಇನ್ನೊಂದು ಮನೆಯ ಕೆಲಸ ಇತ್ತು.)

“ಇದು ಹಂಸರಿ. ಬ್ರಹ್ಮನ ವಾಹನ. ಕಾಗಿಗಿಂತ ಭಾಳ ಶ್ರೇಷ್ಠ. ತೃಪ್ತಿ ಆತು, ಏಳ್ರಿ.”

“ಹೌದಲ್ರಿ?” ಎಂದು ರಾಯರು ನನ್ನನ್ನು ಕೇಳಿದರು. ನಾನು ತಲೆ ಆಡಿಸಿದೆನೋ ಇಲ್ಲವೋ? ಆಡಿಸಿದೆ ಎಂದೇ ತೋರುತ್ತದೆ. ಟಾಂಗಾದಲ್ಲಿ ಮರಳುವಾಗ ರಾಯರು ಹತ್ತು ದಿನದಲ್ಲಿ ಮೊದಲ ಸಲ ಬಟ್ಟೆ ಪೇಟೆಯ ಮಾತಾಡಿದರು.

ಅಂದಿನಿಂದ ನನ್ನ ತಲೆ ಕೆಟ್ಟಿದೆ. ಕಾಗೆ ಇಳಿಯದಿದ್ದದ್ದು ಅಂಬಕ್ಕನ ಹಟದಿಂದಲೋ, ಅದಕ್ಕೆ ಹೊಟ್ಟೆ ತುಂಬಿತ್ತೋ? ಇಂಥದ್ದನ್ನೆಲ್ಲ ನಾನು ನಂಬುತ್ತೇನೆಯೇ? ನಂಬದಿದ್ದರೆ ಈ ಸಂಕಟ ಯಾಕೆ? ನಂಬುವುದಾದರೆ ಹೆಬ್ಬಾತುಗಳನ್ನು ಕಳಿಸಿದವರು ಯಾರು? ತನ್ನ ಆಸೆಗೆ ತಾನೇ ಅಡ್ಡ ಬರುವ ಹೆಂಗಸಲ್ಲ ಅಂಬಕ್ಕ. ಮೊನ್ನೆ ರವಿವಾರ ಅವುಗಳಿಗೆ ಬೈದು ಬರೋಣವೆಂದೇ ಕೆರೆಗೆ ಹೋದೆ. ಒಂದು ಬಾತು ಬಾಲ ಮೇಲೆತ್ತಿ ಮುಳುಗಿತು. ಅದೇ ಹಾಳು ಸಂತೋಷ ಆಯಿತು. ಮನುಷ್ಯ ಹೀಗೂ ಇರುತ್ತಾನೆಯೇ?

ಸೋಮವಾರ ಶಾಲೆಯ ಹೊತ್ತಿಗೆ ಸುಮಿ ವಾಡೆಯ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಹುಬ್ಬಳ್ಳಿಗೆ ಕಾಗದ ಹೋಗಿದೆ.

“ಕಾಕಾ, ಆವತ್ತ ಕೆರಿಗೆ ನೀವೂ ಹೋಗಿದ್ರಲ್ಲ. ಏನಾತ್ರಿ?”

ಎಲ್ಲ ಹೇಳಿದೆ, ಚುರುಮುರಿಯ ಸಮೇತ. ತಪ್ಪು ಆ ಹೆಬ್ಬಾತುಗಳದು ಎಂದೂ ಹೇಳಿದೆ. ಅವಳು ಬಟ್ಟೆ ಹಿಂಡುತ್ತ ಕೇಳಿಸಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು.

“ಬಾತಿಗೆ ಏನ ತಿಳೀತದರಿ ಕಾಕಾ,” ಎಂದಳು. “ಐದು ವರ್ಷ ನೋಡಿದವರು ನೀವು. ಅದು ಹಂಸ ಅಲ್ಲಂತ ನೀವರ ಅನಬೇಕಿತ್ತಲ್ರಿ?”